ಬಲಗೈ ಮೇಲಿನ ಸಹಿ

(ಹೆಸರು, ಊರು ಮತ್ತು ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗ, ಅವನ ತಾಯಿ ಇಬ್ಬರೂ ಒಪ್ಪಿದ ಮೇಲೆ ಬರೆದಿದ್ದೇನೆ.)

ಕೋಲಾರದ ಏಪ್ರಿಲ್ ಬಿಸಿಲು ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಂಥ ಒಂದು ಮಧ್ಯಾಹ್ನ ನನ್ನ ಆಪ್ತಸಲಹೆ ಕೋಣೆಗೆ ಬಂದ ಹುಡುಗ ತುಂಬು ತೋಳಿನ ಅಂಗಿ ಹಾಕಿಕೊಂಡಿದ್ದ. ಬಲಗೈ ತೋಳಿನ ಗುಂಡಿಯನ್ನು ಮಣಿಕಟ್ಟಿನ ಹತ್ತಿರ ಬಿಗಿಯಾಗಿ ಹಾಕಿದ್ದ. ಫ್ಯಾನ್ ಕೆಳಗೆ ಕೂತರೂ ಬೆವರುತ್ತಿದ್ದ. ಆ ಕೈಯನ್ನು ಮೇಜಿನ ಮೇಲೆ ಇಡಲೇ ಇಲ್ಲ, ತೊಡೆ ಮೇಲೆ ಅಂಗಾತ ಇಟ್ಟುಕೊಂಡಿದ್ದ.

ಇಲ್ಲಿ ಅವನನ್ನು ಮಂಜು ಎಂದು ಕರೆಯುತ್ತೇನೆ. ವಯಸ್ಸು 19. ಶ್ರೀನಿವಾಸಪುರದ ಕಡೆ ಒಂದು ಹಳ್ಳಿ. ಎರಡು ಎಕರೆ ಮಾವಿನ ತೋಟ, ಮೂರು ಹಸು. ಅಪ್ಪ ತೀರಿಕೊಂಡು ಒಂದು ವರ್ಷ ಆಗಿತ್ತು. ಪದವಿ ಎರಡನೇ ವರ್ಷದಲ್ಲಿದ್ದ. ಕಾಲೇಜಿಗಾಗಿ ಕೋಲಾರದಲ್ಲಿ ಗೆಳೆಯರ ಜೊತೆ ರೂಮು. ಅಮ್ಮನೇ ಊರಿಂದ ಬಂದು ಅವನನ್ನು ಕರೆತಂದಿದ್ದರು.

"ಓಡೋದೇ ಬಿಟ್ಬಿಟ್ಟ ಮೇಡಂ. ದಿನಾ ಬೆಳಗ್ಗೆ ಐದಕ್ಕೆದ್ದು ಅಂತರಗಂಗೆ ಮೆಟ್ಲು ಹತ್ತಿ ಇಳೀತಿದ್ದೋನು. ಮಿಲಿಟ್ರಿಗೆ ಹೋಗ್ತೀನಿ, ಇಲ್ಲಾಂದ್ರೆ ಸಿಐಎಸ್‌ಎಫ್ ಅಂತಿದ್ದ. ಈಗ ಯಾವ್ದೂ ಬೇಡ ಅಂತಾನೆ. ಊಟ ಸೇರಲ್ಲ. ಏನು ಕೇಳಿದ್ರೂ ಮೈಮೇಲೆ ಬೀಳ್ತಾನೆ. ಯಾವ್ದೋ ಹುಡುಗಿ ವಿಷ್ಯ ಇರ್ಬೇಕು."

ಮಂಜು ತಲೆ ಎತ್ತಲಿಲ್ಲ. "ಕೈಗೇನಾಯ್ತಪ್ಪ?" ಎಂದೆ. "ಬೈಕ್ ಸೈಲೆನ್ಸರ್ ತಗುಲ್ತು" ಎಂದ. ಸೈಲೆನ್ಸರ್ ಕಾಲು ಸುಡುತ್ತದೆ. ಮುಂಗೈ ಒಳಭಾಗ ಸುಡುವುದು ಕಷ್ಟ. ಅಮ್ಮನಿಗೆ ಕೆಳಗಿನ ಅಂಗಡಿಯಲ್ಲಿ ಟೀ ಕುಡಿದು ಬರಲು ಹೇಳಿದೆ. ಅವರು ಹೋದ ಮೇಲೆ, ಇಲ್ಲಿ ಹೇಳಿದ್ದು ನೀನು ಬೇಡ ಅಂದರೆ ಅಮ್ಮನವರೆಗೂ ಹೋಗಲ್ಲ, ನಿನ್ನ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಮಾತ್ರ ಹೇಳಬೇಕಾಗುತ್ತೆ ಎಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ತಾನೇ ಗುಂಡಿ ಬಿಚ್ಚಿದ.

ಅಂಗೈಯಷ್ಟು ಅಗಲದ ಗಾಯ. ಅಂಚು ಹಳದಿಗಟ್ಟಿತ್ತು. ಒಂದು ಕಡೆ ಅಂಗಿಯ ದಾರ ಅಂಟಿಕೊಂಡಿತ್ತು. ಗಾಯದ ನಡುವೆ ಹಚ್ಚೆಯ ಕಪ್ಪು ಅಕ್ಷರಗಳು. ಮೊದಲೆರಡು ಓದಲು ಬರುತ್ತಿದ್ದವು. ಮೂರನೆಯದು ಅರ್ಧ ಉಳಿದಿತ್ತು. ಕೆಳಗೆ ಒಂದು ಗೆರೆ, ಗೆರೆಯ ಕೊನೆಗೆ ಎರಡು ಚುಕ್ಕಿ.

"ಯಾರ ಹೆಸರು?"

"ಅಪ್ಪನ ಸೈನು ಮೇಡಂ."

ಅವತ್ತು ಆಪ್ತಸಲಹೆ ಅಂತ ಏನೂ ಮಾಡಲಿಲ್ಲ. ಗಾಯ ಕೆಟ್ಟಿರುವ ಮನುಷ್ಯನಿಗೆ ಮೊದಲು ಬೇಕಾಗಿರುವುದು ಡಾಕ್ಟರು. ಅವನ ಒಪ್ಪಿಗೆ ಪಡೆದು ಅಮ್ಮನಿಗೆ "ಸುಟ್ಟಿದೆ, ಆಸ್ಪತ್ರೆಗೆ ತೋರಿಸಬೇಕು" ಎಂದಷ್ಟೇ ಹೇಳಿ ಕಳಿಸಿಕೊಟ್ಟೆ. ತೊಳೆದು, ಡ್ರೆಸ್ಸಿಂಗ್ ಮಾಡಿ, ಟಿಟಿ ಚುಚ್ಚುಮದ್ದು ಕೊಟ್ಟು, ಮಾತ್ರೆ ಬರೆದರು. ಹಚ್ಚೆ ಅಳಿಸಲು ಏನು ಹಚ್ಚಿಕೊಂಡಿದ್ದ ಎನ್ನುವುದನ್ನು ಡಾಕ್ಟರ ಹತ್ತಿರ ಮುಚ್ಚಿಡಬೇಡ ಎಂದಿದ್ದೆ. ನಿಜ ಹೇಳಿದ. ಎಲೆಅಡಿಕೆ ಸುಣ್ಣ ಮತ್ತು ಬಟ್ಟೆ ಒಗೆಯುವ ಸೋಡಾ.

ಈ ಸುಣ್ಣ–ಸೋಡಾ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಮಚ್ಚೆ, ನರಹುಲಿ ತೆಗೆಯಲು ಹಿಂದಿನಿಂದ ಇದನ್ನು ಹಚ್ಚುತ್ತಾರೆ. ಇವೆರಡೂ ನೀರಿನಲ್ಲಿ ಸೇರಿದರೆ ಕಾಸ್ಟಿಕ್ ಸೋಡಾ ಹುಟ್ಟುತ್ತದೆ. ಅದು ಆಸಿಡ್‌ಗಿಂತ ಕಳ್ಳ. ಮೊದಲು ಜಾಸ್ತಿ ಉರಿ ಇರಲ್ಲ, ಒಳಗೊಳಗೇ ಚರ್ಮ ಕರಗಿಸುತ್ತಾ ಹೋಗುತ್ತದೆ. ಹಾಗಾದರೂ ಹಚ್ಚೆ ಹೋಯಿತಾ? ಹೋಗಲಿಲ್ಲ. ಹಚ್ಚೆಯ ಬಣ್ಣ ಇರುವುದು ದಿನಾ ಸವೆದು ಉದುರುವ ಮೇಲ್ಚರ್ಮದಲ್ಲಿ ಅಲ್ಲ, ಅದರ ಕೆಳಗಿನ ಪದರದಲ್ಲಿ. ಅಲ್ಲಿ ನಮ್ಮ ದೇಹದ ಕಾವಲು ಕಣಗಳು ಆ ಬಣ್ಣವನ್ನು ಹೊರಗಿನ ಕಸ ಅಂತ ನುಂಗಿ ಹಿಡಿದುಕೊಂಡು ಕೂತಿರುತ್ತವೆ. ಅದಕ್ಕೇ ಅದು ಐವತ್ತು ವರ್ಷ ಆದರೂ ಇರುತ್ತದೆ. ಮೇಲಿನಿಂದ ಸುಟ್ಟರೆ ಅಕ್ಷರವೂ ಉಳಿಯುತ್ತದೆ, ಸುಟ್ಟ ಕಲೆಯೂ ಸೇರುತ್ತದೆ. ಉಪ್ಪು ಹಾಕಿ ಉಜ್ಜುವುದು, ಆನ್‌ಲೈನ್‌ನಲ್ಲಿ ತರಿಸಿದ ಕ್ರೀಮು, ಬಿಸಿ ಚಮಚ, ಎಲ್ಲವೂ ಇದೇ ಕಥೆ. ದಯವಿಟ್ಟು ಯಾರೂ ಮಾಡಿಕೊಳ್ಳಬೇಡಿ.

ಎರಡನೇ ಭೇಟಿ ಒಂದು ವಾರದ ನಂತರ. ಈ ಸಲ ಒಬ್ಬನೇ ಬಂದ. ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ. ಅದರೊಳಗೆ ಏಳನೇ ತರಗತಿಯ ಪ್ರೋಗ್ರೆಸ್ ಕಾರ್ಡ್. ಮಡಿಕೆಯ ಜಾಗದಲ್ಲಿ ಸೆಲ್ಲೋಟೇಪ್ ಹಚ್ಚಿತ್ತು. "ಪೋಷಕರ ಸಹಿ" ಎನ್ನುವ ಕಾಲಂನಲ್ಲಿ ನೀಲಿ ಶಾಯಿಯಲ್ಲಿ ನಾಲ್ಕು ಕಡೆ ಅದೇ ಸಹಿ. ಕೂಡಿಸಿ ಬರೆದ ಸಹಿ ಅಲ್ಲ. ಒಂದೊಂದು ಅಕ್ಷರವನ್ನೂ ಬಿಡಿಸಿ, ಒತ್ತಿ ಬರೆದಿದ್ದು. ಕಾಗದದ ಹಿಂದೆ ಬೆರಳಾಡಿಸಿದರೆ ಉಬ್ಬು ಸಿಗುತ್ತಿತ್ತು.

"ಅಪ್ಪ ಐದನೇ ಕ್ಲಾಸಷ್ಟೇ ಮೇಡಂ ಓದಿದ್ದು. ಸೈನ್ ಹಾಕ್ಬೇಕು ಅಂದ್ರೆ ಕೈ ತೊಳ್ಕೊಂಡು ಬರ್ತಿತ್ತು. ಮಂಡಿ ಮೇಲೆ ಕಾರ್ಡ್ ಇಟ್ಕೊಂಡು ಬರೀತಿತ್ತು. ಕೊನೇಲಿ ಗೆರೆ ಎಳೆದು ಎರಡು ಚುಕ್ಕಿ ಇಡೋದು. ಯಾಕೆ ಚುಕ್ಕಿ ಅಂದ್ರೆ, ಹಸುಗೆ ದೃಷ್ಟಿ ಬೊಟ್ಟು ಇಡಲ್ವೇನೋ, ಹಂಗೇ ಅಂತಿತ್ತು."

ಅಪ್ಪ ಹೋಗಿ ಮೂರು ತಿಂಗಳಿಗೆ ಆ ಸಹಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಗೆಳೆಯನ ಜೊತೆ ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡಿದ್ದ. ಮಾವಿನ ಕಾಯಿ ಕಿತ್ತ ಕೂಲಿ ಹಣ ಕೂಡಿಟ್ಟಿದ್ದು ಅದಕ್ಕೇ. ಬಲಗೈ ಮುಂಗೈ ಒಳಭಾಗವನ್ನೇ ಯಾಕೆ ಆರಿಸಿಕೊಂಡೆ ಎಂದು ಕೇಳಿದೆ. ನಾನು ಕೇಳಿದ ಪ್ರಶ್ನೆಗಳಲ್ಲಿ ಅತಿ ಮುಖ್ಯವಾದದ್ದು ಇದು ಅಂತ ಆಮೇಲೆ ಗೊತ್ತಾಯಿತು.

ಅವನು ಎದ್ದು ನಿಂತ. ಸೆಲ್ಯೂಟ್ ಹೊಡೆದು ತೋರಿಸಿದ. ಅಂಗೈ ಮುಂದಕ್ಕೆ, ಮುಂಗೈ ಒಳಭಾಗ ಪೂರ್ತಿ ಎದುರಿಗೆ. ಬ್ಯಾಂಡೇಜ್ ನನ್ನ ಕಣ್ಣ ಮುಂದೆ ಇತ್ತು.

"ಟ್ರೈನಿಂಗ್ ಮುಗ್ದು ಪಾಸಿಂಗ್ ಔಟ್ ಆಗೋ ದಿನ ಸೆಲ್ಯೂಟ್ ಹೊಡೆದ್ರೆ ಅಪ್ಪ ಕಾಣ್ಬೇಕು ಅಂತ."

ಇದನ್ನು ಕೇಳಿದ ಮೇಲೆ "ಹಚ್ಚೆ ಹಾಕಿಸ್ಕೊಳ್ಳೋ ಮೊದ್ಲು ಯೋಚನೆ ಮಾಡ್ಬಾರ್ದಾಗಿತ್ತಾ" ಅಂತ ಯಾವ ಬಾಯಲ್ಲಿ ಕೇಳುವುದು? ಅವನು ಯೋಚನೆ ಮಾಡಿಯೇ ಹಾಕಿಸಿದ್ದ. ನಿಯಮ ಒಂದು ಗೊತ್ತಿರಲಿಲ್ಲ, ಅಷ್ಟೇ.

ಅದು ಗೊತ್ತಾಗಿದ್ದು ಎಂಟು ತಿಂಗಳಾದ ಮೇಲೆ, ಮೈದಾನದಲ್ಲಿ. ಓಟದ ಅಭ್ಯಾಸಕ್ಕೆ ಬರುವ ಒಬ್ಬ ಸೀನಿಯರ್ ಕೈ ನೋಡಿ, "ಲೋ, ಬಲಗೈ ಮೇಲೆ ಟ್ಯಾಟೂನಾ? ಮುಗೀತು ಬಿಡು. ಯಾವ ಫೋರ್ಸಲ್ಲೂ ತಗೊಳ್ಳಲ್ಲ. ಮೆಡಿಕಲ್‌ನಲ್ಲಿ ಮೊದ್ಲು ನೋಡೋದೇ ಅದು" ಎಂದಿದ್ದ. ಸುತ್ತ ಇದ್ದವರು ನಕ್ಕರು. ಇನ್ನೊಬ್ಬ ಸುಣ್ಣ–ಸೋಡಾ ಉಪಾಯ ಹೇಳಿದ. ಅವತ್ತೇ ರಾತ್ರಿ ರೂಮಿನ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಹಚ್ಚಿಕೊಂಡ. ಬಾಯಿಗೆ ಟವೆಲ್ ತುರುಕಿಕೊಂಡು ಕೂತಿದ್ದನಂತೆ.

"ಅಪ್ಪಂಗೆ ಕೊಳ್ಳಿ ಇಟ್ಟೋನು ನಾನೇ ಮೇಡಂ. ಈಗ ಇನ್ನೊಂದ್ಸಲ ಸುಟ್ಟಂಗಾಯ್ತು."

ಓಟ ಬಿಟ್ಟಿದ್ದು, ಊಟ ಬಿಟ್ಟಿದ್ದು, ಅಮ್ಮನ ಮೇಲೆ ರೇಗುವುದು, ಎಲ್ಲದಕ್ಕೂ ಬೇರು ಈ ಮಾತಿನಲ್ಲಿತ್ತು. ಕೆಲಸ ಸಿಗಲ್ಲ ಎನ್ನುವ ಚಿಂತೆ ಮೇಲೆ ಕಾಣುತ್ತಿತ್ತು. ಕೆಳಗೆ ಇದ್ದದ್ದು ಅಪ್ಪನಿಗೆ ತಪ್ಪು ಮಾಡಿದೆ ಎನ್ನುವ ಸಂಕಟ. ಅಪ್ಪ ಸತ್ತಾಗ ಅವನು ಅತ್ತಿರಲಿಲ್ಲ. ಅಮ್ಮ ಕುಸಿದಿದ್ದರು, ತಾನೂ ಅತ್ತರೆ ಹೇಗೆ ಅಂತ ಹಸು ಕರೆಯುವುದು, ಡೈರಿಗೆ ಹಾಲು ಹಾಕುವುದು, ತಿಥಿಗೆ ಸಾಮಾನು ತರುವುದು, ಎಲ್ಲಾ ಮಾಡಿಕೊಂಡು ಓಡಾಡಿದ್ದ.

ನೇರವಾಗಿಯೇ ಕೇಳಿದೆ: "ಸಾಯ್ಬೇಕು ಅನ್ನೋ ಯೋಚ್ನೆ ಬಂದಿತ್ತಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುತ್ತೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಹೇಳುವವರಿಗೆ ಹಗುರ ಆಗುತ್ತದೆ. "ಆ ರಾತ್ರಿ ಒಂದ್ಸಲ ಬಂತು. ಆಮೇಲಿಲ್ಲ" ಎಂದ. ಅಂಥ ರಾತ್ರಿ ಮತ್ತೆ ಬಂದರೆ ಯಾರಿಗೆ ಫೋನ್ ಮಾಡ್ತೀಯ ಎಂದು ಕೇಳಿ, ಮೂರು ಹೆಸರು ಅವನ ಕೈಯಲ್ಲೇ ಬರೆಸಿದೆ. ಮೊದಲನೆಯದು ಅಕ್ಕ. ಎರಡನೆಯದು ಕಾಲೇಜಿನ ಒಬ್ಬ ಮೇಷ್ಟ್ರು. ಮೂರನೆಯದು ನಾನು. ಕೆಳಗೆ ಟೆಲಿ ಮಾನಸ್ ಸಂಖ್ಯೆ 14416. ಸರ್ಕಾರದ ಈ ಸಹಾಯವಾಣಿ 2022ರಿಂದ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಎರಡು ವಾರ ದಿನ ಬಿಟ್ಟು ದಿನ ಅವನಿಗೆ ಫೋನ್ ಮಾಡಿದೆ.

ಮೂರನೇ ಭೇಟಿಯಲ್ಲಿ ನೇಮಕಾತಿಯ ಅಧಿಸೂಚನೆಗಳನ್ನು ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿದೆ. ನಾನು ಹೇಳಲಿಲ್ಲ, ಅವನ ಕೈಯಲ್ಲೇ ಓದಿಸಿದೆ. ಸೇನೆಯ ನಿಯಮದಲ್ಲಿ, ಮೊಣಕೈ ಒಳಬದಿಯಿಂದ ಮಣಿಕಟ್ಟಿನವರೆಗಿನ ಮುಂಗೈ ಒಳಭಾಗದಲ್ಲಿ ಹಚ್ಚೆ ಇರಬಹುದು, ಅಂಗೈಯ ಹಿಂಬದಿಯಲ್ಲೂ ಇರಬಹುದು. ಮೈಯ ಬೇರೆ ಕಡೆ ಶಾಶ್ವತ ಹಚ್ಚೆ ಇದ್ದರೆ ತೆಗೆದುಕೊಳ್ಳುವುದಿಲ್ಲ. ಬುಡಕಟ್ಟು ಸಮುದಾಯದವರಿಗೆ ಅವರ ಸಂಪ್ರದಾಯದ ಹಚ್ಚೆಗೆ ವಿನಾಯಿತಿ ಇದೆ. ಮಂಜು ಆ ಸಾಲನ್ನು ಎರಡು ಸಲ ಓದಿದ. ಮೂರನೇ ಸಲ ಬೆರಳಿಟ್ಟುಕೊಂಡು ಓದಿದ. ತನ್ನ ಕೈ ನೋಡಿಕೊಂಡ.

ಸೇನೆಯ ಬಾಗಿಲು ಮುಚ್ಚಿರಲೇ ಇಲ್ಲ. ಅವನ ಹಚ್ಚೆ ಅವರು ಹೇಳಿದ ಜಾಗದಲ್ಲೇ ಇತ್ತು.

ಆ ಸೀನಿಯರ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಸಿಐಎಸ್‌ಎಫ್, ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಕೇಂದ್ರ ಪಡೆಗಳಿಗೆ ಎಸ್‌ಎಸ್‌ಸಿ ಜಿಡಿ (ಸಿಬ್ಬಂದಿ ನೇಮಕಾತಿ ಆಯೋಗ ನಡೆಸುವ ಕಾನ್ಸ್ಟೇಬಲ್ ಹುದ್ದೆಯ) ಪರೀಕ್ಷೆಯ ಮೂಲಕ ಹೋಗುವವರಿಗೆ ನಿಯಮ ಬೇರೆ. ಹೆಸರು ಅಥವಾ ದೇವರ ಚಿಹ್ನೆ ಇರಬಹುದು. ಆದರೆ ಮುಂಗೈ ಒಳಭಾಗದಲ್ಲಿ ಇದ್ದರೆ ಅದು ಎಡಗೈಯೇ ಆಗಿರಬೇಕು. ಕಾರಣವನ್ನೂ ಅಲ್ಲೇ ಬರೆದಿದ್ದಾರೆ: ಎಡಗೈ ಸೆಲ್ಯೂಟ್ ಹೊಡೆಯುವ ಕೈ ಅಲ್ಲ. ಅಳತೆಯೂ ಆ ಭಾಗದ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು. ಅಪ್ಪ ಕಾಣಲಿ ಅಂತ ಅವನು ಯಾವ ಕೈಯನ್ನು ಆರಿಸಿದ್ದನೋ, ನಿಯಮ ಬೇಡ ಎನ್ನುವುದು ಅದೇ ಕೈಯನ್ನು. ಅದನ್ನು ಓದುವಾಗ ಅವನ ಕಣ್ಣು ತುಂಬಿತು. ಅಪ್ಪ ಸತ್ತ ಮೇಲೆ ಮೊದಲ ಸಲ ಅವನು ಅತ್ತಿದ್ದು ನನ್ನ ಎದುರಿಗೆ, ಒಂದು ಸರ್ಕಾರಿ ಅಧಿಸೂಚನೆ ಮುಂದಿಟ್ಟುಕೊಂಡು. ನಾನು ಮಧ್ಯ ಮಾತಾಡಲಿಲ್ಲ. ಅರ್ಧ ಗಂಟೆ ಹಾಗೇ ಹೋಯಿತು.

ಮೈದಾನಗಳಲ್ಲಿ ಓಡಾಡುವ ಅರೆಬರೆ ಮಾತಿನ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಿಂದ ಪಡೆಗಳಿಗೆ ಸೇರುವ ಆಸೆ ಹೊತ್ತು ಎಷ್ಟೋ ಮಕ್ಕಳು ಬೆಳಗಿನ ಜಾವ ಓಡುತ್ತಾರೆ. ಅವರಿಗೆ ಎತ್ತರ, ಎದೆ ಅಳತೆ, ಓಟದ ಸಮಯ ಎಲ್ಲಾ ಬಾಯಿಪಾಠ. ವೈದ್ಯಕೀಯ ಪರೀಕ್ಷೆಯ ಪುಟ ಮಾತ್ರ ಯಾರೂ ತೆರೆದಿರಲ್ಲ. ಒಂದೊಂದು ಪಡೆಗೂ ಒಂದೊಂದು ನಿಯಮ, ಪ್ರತಿ ಸಲದ ಅಧಿಸೂಚನೆಯನ್ನೂ ಹೊಸದಾಗಿ ಓದಬೇಕು. ಕೊನೆಯ ತೀರ್ಮಾನ ಅಲ್ಲಿಯ ವೈದ್ಯಕೀಯ ಮಂಡಳಿಯದು.

ಆಮೇಲೆ ಮುಂದಿನ ದಾರಿ ಮಾತಾಡಿದೆವು. ಅವನ ಮೊದಲ ಪ್ರಶ್ನೆ, "ಲೇಸರ್ ಮಾಡಿಸ್ಕೊಂಡ್ರೆ ಆಗಲ್ವಾ ಮೇಡಂ?" ಆಗುತ್ತೆ, ಆದರೆ ಈಗಲ್ಲ. ಚರ್ಮರೋಗ ತಜ್ಞರ ಹತ್ತಿರ ಇಬ್ಬರೂ ಹೋಗಿ ಕೇಳಿಕೊಂಡು ಬಂದೆವು. ಹಸಿ ಗಾಯದ ಮೇಲೆ ಲೇಸರ್ ಮುಟ್ಟಿಸುವಂತಿಲ್ಲ, ಮೊದಲು ಪೂರ್ತಿ ಮಾಗಬೇಕು. ಲೇಸರ್ ಕಿರಣ ಆ ಬಣ್ಣವನ್ನು ಪುಡಿಪುಡಿ ಮಾಡುತ್ತದೆ, ಆ ಪುಡಿಯನ್ನು ದೇಹ ನಿಧಾನವಾಗಿ ಸಾಗಿಸುತ್ತದೆ. ಅದಕ್ಕೇ ಒಂದು ಸಲಕ್ಕೆ ಮುಗಿಯಲ್ಲ. ಒಂದು ಸಲಕ್ಕೂ ಇನ್ನೊಂದಕ್ಕೂ ನಡುವೆ ಆರರಿಂದ ಎಂಟು ವಾರ ಬಿಡಬೇಕು. ಆರೇಳು ಸಲ ಅಂದರೂ ಏಳು ತಿಂಗಳಿಂದ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯುತ್ತದೆ. ಕಪ್ಪು ಬಣ್ಣ ಹೋಗುವುದು ಸುಲಭ. ಹಸಿರು, ಹಳದಿ ಹಟಮಾರಿ. ನಮ್ಮಂಥ ಕಂದು ಚರ್ಮದಲ್ಲಿ ಬಿಳಿ ಕಲೆ ಉಳಿಯುವ ಸಾಧ್ಯತೆಯೂ ಇದೆ. ಮೆಡಿಕಲ್‌ಗೆ ಮೂರು ತಿಂಗಳಿದೆ ಅಂತ ಈಗ ಓಡಿದರೆ ಅರ್ಧ ಅಳಿಸಿದ ಹಚ್ಚೆ ಕೈಯಲ್ಲಿ ಇರುತ್ತದೆ, ಅಷ್ಟೇ. ಬಲಗೈ ಹಚ್ಚೆಯ ಕಾರಣಕ್ಕೆ ಅನರ್ಹನಾದ ಒಬ್ಬ ಅಭ್ಯರ್ಥಿಗೆ, ಅದನ್ನು ತೆಗೆಸಿಕೊಂಡು ಹೊಸ ವೈದ್ಯಕೀಯ ಮಂಡಳಿ ಮುಂದೆ ಹೋಗಲು ದೆಹಲಿ ಹೈಕೋರ್ಟ್ 2022ರಲ್ಲಿ ಅವಕಾಶ ಕೊಟ್ಟಿದ್ದು ನಿಜ. ಆದರೆ ಕೋರ್ಟಿನ ದಾರಿಯನ್ನು ನಂಬಿಕೊಂಡು ಕೂರಬೇಡ ಎಂದೆ.

ವಯಸ್ಸಿನ ಲೆಕ್ಕ ಹಾಕಿದೆವು. ಅಗ್ನಿವೀರಕ್ಕೆ, ಅಂದರೆ ಸೇನೆಯ ನಾಲ್ಕು ವರ್ಷದ ನೇಮಕಾತಿಗೆ, ಇನ್ನು ಎರಡು ವರ್ಷವಾದರೂ ಇದೆ. ಎಸ್‌ಎಸ್‌ಸಿ ಜಿಡಿಗೆ 23 ವರ್ಷದವರೆಗೆ, ಹಿಂದುಳಿದ ವರ್ಗಕ್ಕೆ ಇನ್ನೂ ಮೂರು ವರ್ಷ ಸಡಿಲಿಕೆ. 2024ರಿಂದ ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಹಾಗಾಗಿ ಮೊದಲು ಸೇನೆಗೆ ಪ್ರಯತ್ನ. ಆಗದಿದ್ದರೆ ಲೇಸರ್ ಮುಗಿಸಿ ಕೇಂದ್ರ ಪಡೆ. ಯಾವುದಕ್ಕೇ ಹೋದರೂ ಪದವಿ ನಿಲ್ಲಿಸಬೇಡ ಎಂದೆ. ಗಾಯದ ಕಲೆ ಗಂಟು ಕಟ್ಟದ ಹಾಗೆ ಡಾಕ್ಟರು ಸಿಲಿಕೋನ್ ಶೀಟ್ ಕೊಟ್ಟರು. ದೊಡ್ಡ ಕಲೆ ಇದ್ದರೆ ಮೆಡಿಕಲ್‌ನಲ್ಲಿ ಅದನ್ನೂ ನೋಡುತ್ತಾರೆ. ಹಚ್ಚೆಗಿಂತ ಈಗ ಅದೇ ನನಗೆ ಜಾಸ್ತಿ ಚಿಂತೆ.

ರಕ್ತ ಪರೀಕ್ಷೆಗೂ ಹೇಳಿದೆ. ಹಚ್ಚೆಯ ಸೂಜಿ ಒಬ್ಬರಿಗೆ ಬಳಸಿದ್ದನ್ನೇ ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಬರಬಹುದು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಎನ್ನುವ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿಯೂ ಇಡುತ್ತಾರೆ. ಮಂಜುವಿನ ಪರೀಕ್ಷೆಗಳಲ್ಲಿ ಏನೂ ಇರಲಿಲ್ಲ.

ಅಮ್ಮನಿಗೆ ಹೇಳುವುದು ಉಳಿದಿತ್ತು. ಹೇಳು ಅಂತ ನಾನು ಒತ್ತಾಯ ಮಾಡಲಿಲ್ಲ. ನಾಲ್ಕನೇ ಭೇಟಿಗೆ ಅವನೇ ಅಮ್ಮನನ್ನು ಕರೆತಂದ. ಬ್ಯಾಂಡೇಜ್ ಹೋಗಿತ್ತು. ಅಂಗಿ ತೋಳು ಮಡಿಸಿ ಕೈ ಚಾಚಿದ.

ಅವರಿಗೆ ಓದಲು ಬರುವುದಿಲ್ಲ. ಅಕ್ಷರ ಯಾವುದು ಅಂತ ಗೊತ್ತಾಗಲಿಲ್ಲ. ಕೆಳಗಿನ ಗೆರೆ, ಎರಡು ಚುಕ್ಕಿ ಗೊತ್ತಾಯಿತು. ಬೆರಳ ತುದಿಯಿಂದ ಆ ಚುಕ್ಕಿಗಳನ್ನು ಮುಟ್ಟಿದರು. ಬಹಳ ಹೊತ್ತು ಬೆರಳು ತೆಗೆಯಲಿಲ್ಲ. "ಹುಡುಗಿ ಹೆಸ್ರು ಅನ್ಕೊಂಡಿದ್ದೆ ಕಣೋ" ಎಂದರು. ಆಮೇಲೆ ತಮ್ಮ ಎಡಗೈ ಬಳೆಗಳನ್ನು ಮೇಲೆ ಸರಿಸಿದರು. ಮಣಿಕಟ್ಟಿನ ಹತ್ತಿರ ಮಾಸಿದ ಹಸಿರು ಚುಕ್ಕಿಗಳು, ಒಂದು ಬಳ್ಳಿ. "ನಮ್ಮಜ್ಜಿ ಹಾಕ್ಸಿದ್ದು. ಪಚ್ಚಬೊಟ್ಟು. ಸತ್ರೂ ಜೊತೇಲಿ ಬರೋದು ಇದೊಂದೇ ಅಂತಿದ್ಲು. ನಮ್ಗೆ ಯಾರು ಕೆಲ್ಸ ಕೊಡೋರಿದ್ರು, ಬೇಡ ಅನ್ನೋಕೆ?"

ನಾನು ಹೇಳಬೇಕಾಗಿದ್ದ ಅರ್ಧ ಮಾತನ್ನು ಅವರೇ ಹೇಳಿಬಿಟ್ಟರು. ಹಚ್ಚೆ ನಮಗೆ ಹೊಸದಲ್ಲ. ಊರ ಮುಂದೆ ಕೂತು ಹಚ್ಚೆ ಹಾಕುತ್ತಿದ್ದ ಹೆಂಗಸರ ಹತ್ತಿರ ನಮ್ಮ ಅಜ್ಜಿಯರು ಕೈ ಚಾಚಿದವರೇ. ಅವರ ಕೈಯನ್ನು ತಿರುಗಿಸಿ ನೋಡುವ ಮೆಡಿಕಲ್ ಬೋರ್ಡ್ ಇರಲಿಲ್ಲ. ಈಗಿನ ಮಕ್ಕಳ ಕೈಯನ್ನು ನೋಡುವವರಿದ್ದಾರೆ. ಪಡೆಗಳಲ್ಲದೆ, ವಿಮಾನದಲ್ಲಿ ಕೆಲಸ ಮಾಡುವವರಿಗೂ ಸಮವಸ್ತ್ರದ ಹೊರಗೆ ಹಚ್ಚೆ ಕಾಣಬಾರದು ಎನ್ನುವ ಕಟ್ಟಳೆ ಸಾಮಾನ್ಯ. ರಕ್ತದಾನಕ್ಕೆ ಹೋದರೆ ಹಚ್ಚೆ ಹಾಕಿಸಿಕೊಂಡು ಒಂದು ವರ್ಷ ಆಗಿರಬೇಕು ಎನ್ನುತ್ತಾರೆ. ಮಾಲೂರು ಕಡೆಯ ಒಬ್ಬಳು ಹುಡುಗಿ ಮಣಿಕಟ್ಟಿನ ಮೇಲೆ ಪ್ರೀತಿಸಿದವನ ಹೆಸರು ಬರೆಸಿಕೊಂಡು, ಈಗ ಬೇರೆ ಸಂಬಂಧ ಬಂದಾಗಲೆಲ್ಲ ದಪ್ಪ ವಾಚ್ ಕಟ್ಟಿಕೊಂಡು ಕೂರುತ್ತಾಳೆ. ಅವಳ ಜೊತೆ ಮಾತು ಇನ್ನೂ ನಡೆಯುತ್ತಿದೆ.

ಕಾಲೇಜು ಮಕ್ಕಳು ಕೇಳಿದರೆ ನಾನು ಬೇಡ ಅಂತ ಹೇಳುವುದಿಲ್ಲ. ಸಾವು, ಮುರಿದ ಪ್ರೀತಿ, ಹೊಸ ಪ್ರೀತಿ, ಇವುಗಳ ಬಿಸಿಯಲ್ಲಿ ಹೋಗಬೇಡಿ ಎನ್ನುತ್ತೇನೆ. ಒಂದು ವರ್ಷ ಆ ಜಾಗದಲ್ಲಿ ಪೆನ್ನಿನಲ್ಲೋ ಮೆಹಂದಿಯಲ್ಲೋ ಬರೆದುಕೊಂಡು ನೋಡಿ. ಯಾವ ಕೆಲಸಕ್ಕೆ ಹೋಗುವ ಆಸೆ ಇದೆಯೋ ಅದರ ವೈದ್ಯಕೀಯ ನಿಯಮ ಓದಿ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ನೋಡಿಕೊಳ್ಳಿ. ಸೂಜಿಯ ಪ್ಯಾಕೆಟ್ಟನ್ನು ನಿಮ್ಮ ಕಣ್ಣೆದುರೇ ಒಡೆಯಲು ಹೇಳಿ. ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಹತ್ತು ಜನಕ್ಕೆ ಹಾಕುವವರ ಮುಂದೆ ಕೂರಬೇಡಿ.

ಮಂಜುವಿನ ಮನೆಯಲ್ಲಿ ಈಗ ಒಂದು ಅಭ್ಯಾಸ ಶುರುವಾಗಿದೆ. ಶನಿವಾರ ಊರಿಗೆ ಹೋದಾಗ ರಾತ್ರಿ ಊಟ ಆದ ಮೇಲೆ ತಾಯಿ ಮಗ ಅಪ್ಪನ ಬಗ್ಗೆ ಒಂದು ಸಂಗತಿ ಮಾತಾಡಬೇಕು. ನಾನು ಕೊಟ್ಟ ಕೆಲಸ ಅದು. ಮೊದಮೊದಲು ಇಬ್ಬರೂ ಅತ್ತು ಎದ್ದು ಹೋಗುತ್ತಿದ್ದರಂತೆ. ಈಚೆಗೆ, ಸಂತೆಯಲ್ಲಿ ಅಪ್ಪ ಕೊಂಡ ಹಸು ರಾತ್ರೋರಾತ್ರಿ ಹಗ್ಗ ಕಿತ್ತು ಹಳೇ ಯಜಮಾನನ ಮನೆಗೆ ವಾಪಸ್ ಹೋಗಿದ್ದನ್ನು ನೆನೆದು ನಕ್ಕರಂತೆ. ಪ್ರೋಗ್ರೆಸ್ ಕಾರ್ಡಿಗೆ ಗಾಜು ಹಾಕಿಸಿ ದೇವರ ಗೂಡಿನ ಪಕ್ಕ ಇಟ್ಟಿದ್ದಾರೆ.

ಓಟ ಮತ್ತೆ ಶುರುವಾಗಿದೆ. ಕಲೆ ಇನ್ನೂ ಕೆಂಪಗಿದೆ, ಅಂಚು ಸ್ವಲ್ಪ ದಪ್ಪ. ಅಗ್ನಿವೀರದ ಆನ್‌ಲೈನ್ ಪರೀಕ್ಷೆಗೆ ಅರ್ಜಿ ಹಾಕಿದ್ದಾನೆ. ಕಳೆದ ಸಲ ಬಂದಾಗ ಎದ್ದು ಹೊರಡುವ ಹೊತ್ತಿಗೆ ಕೇಳಿದ:

"ಕೆಲ್ಸ ಸಿಕ್ಕಿದ್ಮೇಲೆ ಎಡಗೈಗೆ ಹಾಕಿಸ್ಕೊಬೋದಾ ಮೇಡಂ?"

"ಸಿಗ್ಲಿ. ಒಂದು ವರ್ಷ ಆಗ್ಲಿ. ಅಲ್ಲಿ ನಿಯಮ ಏನಿದೆ ಅಂತ ಕೇಳು. ಆಮೇಲೂ ಬೇಕು ಅನ್ನಿಸಿದ್ರೆ ಅಮ್ಮನ್ನ ಜೊತೆಗೆ ಕರ್ಕೊಂಡು ಹೋಗು."

"ಅಮ್ಮನೂ ಹಾಕಿಸ್ಕೊತೀನಿ ಅಂತೈತೆ" ಎಂದ. ಮುಂದಿನ ಭೇಟಿ ಜೂನ್ ಎರಡನೇ ವಾರ, ಡಾಕ್ಟರು ಕಲೆ ನೋಡಿದ ಮಾರನೇ ದಿನ.